ತಡವಾಗಿ ಕೊಟ್ಟ ಮುದ್ದಿನ ಹೆಸರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಟೋರೊ ಸೀಮೆಯಲ್ಲಿ ಇಟ್ಟ ಹೆಸರಿನ ಜೊತೆಗೆ ಪ್ರತಿಯೊಬ್ಬರಿಗೂ ಒಂದು ಎಂಪಾಕೊ ಇರುತ್ತದೆ, ಅಂದರೆ ಮುದ್ದಿನ ಹೆಸರು. ಇರುವುದೇ ಹನ್ನೆರಡು. ಹಿಂದಿನ ಕಾಲದಲ್ಲಿ ಉತ್ತರದಿಂದ ಬಂದವರು ತಂದ ಮಾತುಗಳಂತೆ. ನನ್ನದು ಅಬ್ವೋಲಿ. ಬೆಕ್ಕು ಅಂತ ಅರ್ಥ ಎನ್ನುತ್ತಾರೆ. "ಪರಚೋದು ನೋಡಿದ್ರೆ ಸರಿಯಾಗೇ ಇಟ್ಟಿದ್ದಾರೆ" ಎಂದು ನನ್ನ ಗಂಡ ರೇಗಿಸುತ್ತಿದ್ದರು. ಮುನಿಸಿಕೊಂಡ ದಿನ ಮಾತ್ರ ಇಟ್ಟ ಹೆಸರು ಹಿಡಿದು ಕಬಜುಂಗು ಎನ್ನುತ್ತಿದ್ದರು. ಅವತ್ತೆಲ್ಲ ನನಗೆ ಊಟ ಸೇರುತ್ತಿರಲಿಲ್ಲ.

ಆ ನೋವು ಗೊತ್ತಿದ್ದೂ ನಾನು ಸೊಸೆಗೆ ನಾಲ್ಕು ವರ್ಷ ಅದನ್ನೇ ಮಾಡಿದೆ.

ಮಗ ಮನ್ಯಿಂಡೊ ನನಗೊಂದು ಮಾತೂ ಹೇಳದೆ ಬುಗಾಂಡದ ಹುಡುಗಿ ನಬುಕೇರಾಳನ್ನು ಮದುವೆಯಾಗಿ ಕರೆತಂದ. ಅವಳ ಸೀಮೆಯಲ್ಲಿ ಈ ಪದ್ಧತಿ ಇಲ್ಲ. ಹೊರಗಿನಿಂದ ಬಂದ ಸೊಸೆಯನ್ನು ಚಾಪೆಯ ಮೇಲೆ ಕೂರಿಸಿ, ಒಂದೇ ಬುಟ್ಟಿಯಿಂದ ರಾಗಿ ಮುದ್ದೆ ತಿಂದು, ಎಲ್ಲರೂ ಒಪ್ಪಿ ಎಂಪಾಕೊ ಕೊಡಬೇಕು. ಆಗಲೇ ಅವಳು ಮನೆಯವಳು. ನಾನು ಬುಟ್ಟಿಯನ್ನೇ ಕೆಳಗಿಳಿಸಲಿಲ್ಲ. ನೋಡೋಣ ಎಂದೆ, ಮುಂದಿನ ಸುಗ್ಗಿಗೆ ಎಂದೆ. ಗಂಡ ಕೇಳಿ ಕೇಳಿ ಸೋತು ಕಣ್ಣು ಮುಚ್ಚಿದರು.

ಅವಳು ಮಾತ್ರ ಬಂದ ವಾರದಲ್ಲೇ ನನ್ನ ಎಂಪಾಕೊ ಕಲಿತಳು. ದಿನಾ ಬೆಳಿಗ್ಗೆ ಮಂಡಿಯೂರಿ, "ಅಬ್ವೋಲಿ, ನಿದ್ದೆ ಚೆನ್ನಾಗಿ ಬಂತಾ?" ಎಂದು ಕೇಳುತ್ತಿದ್ದಳು. ಮಗ ಲಾರಿ ಓಡಿಸುವವನು, ತಿಂಗಳಿಗೊಮ್ಮೆ ಬರುತ್ತಾನೆ. ಗಂಡ ಹೋದ ಮೇಲೆ ಮನೆಯಲ್ಲಿ ನನ್ನನ್ನು ಹಾಗೆ ಕರೆಯುವ ಬಾಯಿ ಅವಳದೊಂದೇ. ಆ ಮಾತಿಗಾಗಿ ನಾನು ಬೇಗ ಎದ್ದು ಕಾಯುತ್ತಿದ್ದೆ. ಆದರೂ ಉತ್ತರಕ್ಕೆ, "ಹ್ಞೂಂ, ನಬುಕೇರಾ" ಎನ್ನುತ್ತಿದ್ದೆ. ಎಂಥ ಹಾಳು ಹಟ ನನ್ನದು.

ಹೋದ ತಿಂಗಳು ಅವಳಿಗೆ ಹೆಣ್ಣು ಮಗುವಾಯಿತು. ಮೂರನೆಯ ದಿನ ನೆಂಟರು ಸೇರಿದರು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಾನೇ ಅಪೂಲಿ ಎಂದು ಕರೆದೆ. ನಾಯಿಮರಿ ಎಂದರ್ಥ, ಎಲ್ಲರೂ ಎತ್ತಿ ಮುದ್ದಾಡುವಂಥದ್ದು. ಮುದ್ದೆಯ ಬುಟ್ಟಿ ಬಂತು, ಹೊಗೆಯಲ್ಲಿ ಒಣಗಿಸಿದ ದನದ ಮಾಂಸ ಬಂತು. ಆಗ ದೂರದಿಂದ ಬಂದಿದ್ದ ನಾದಿನಿ ಬಾಣಂತಿಯ ಕೈ ಹಿಡಿದು, "ನಿನ್ನ ಎಂಪಾಕೊ ಏನಮ್ಮಾ?" ಎಂದು ಕೇಳಿದಳು.

ತಿನ್ನುವ ಕೈಗಳೆಲ್ಲ ನಿಂತವು. ನಬುಕೇರಾ ತಲೆ ತಗ್ಗಿಸಿದಳು. ನಾದಿನಿ ನನ್ನ ಕಡೆ ತಿರುಗಿದಳು. ಮಾನ ಹೋಗುತ್ತದಲ್ಲ ಎಂದು ನನ್ನ ಬಾಯಿಂದ ತಟ್ಟನೆ ಬಂತು: "ಅಡ್ಯೇರಿ. ಅವಳು ಅಡ್ಯೇರಿ." ಗೆಳೆತನದ ಹೆಸರು ಅದು.

ದೊಡ್ಡವರಿಗೆ ಕೊಟ್ಟಾಗ, ಅವರು ಓಗೊಟ್ಟರೆ ಮಾತ್ರ ಎಂಪಾಕೊ ನಿಲ್ಲುತ್ತದೆ. ಅವಳು ಓಗೊಡಲಿಲ್ಲ. ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡು, ದನಿ ಏರಿಸದೆ ಕೇಳಿದಳು: "ಅತ್ತೆ, ಇದು ನನಗೆ ಕೊಟ್ಟಿದ್ದಾ, ಇವರ ಬಾಯಿ ಮುಚ್ಚಿಸೋಕೆ ಕೊಟ್ಟಿದ್ದಾ?"

ನಾನು ಮುದ್ದೆಯ ಬುಟ್ಟಿಯನ್ನು ನೆಂಟರ ಕಡೆ ಸರಿಸಿದೆ.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಮಂಡಿಯೂರಿದಳು. "ನಿದ್ದೆ ಚೆನ್ನಾಗಿ ಬಂತಾ?" ಎಂದಳು. ಅಷ್ಟೇ. ಅಬ್ವೋಲಿ ಇಲ್ಲದೆ, ದಾರಿಹೋಕರನ್ನು ಕೇಳುವ ಹಾಗೆ. "ಬಂತು, ಅಡ್ಯೇರಿ" ಎಂದೆ. ಅವಳು ಎದ್ದು ಒಲೆಯ ಕಡೆ ಹೋದಳು.

ಅಂದಿನಿಂದ ದಿನವೂ ಹೀಗೇ. ನಾನು ಅಡ್ಯೇರಿ ಎನ್ನುತ್ತೇನೆ, ಅವಳು ಕೆಲಸ ನೋಡುತ್ತಾಳೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಇದನ್ನು ತಡೆಯಲಾಗುತ್ತಿಲ್ಲ. ಬಿಸಿಲಿಗೆ ಮಗುವನ್ನು ನನ್ನ ಪಕ್ಕ ಮಲಗಿಸಿ ಹೋಗುತ್ತಾಳೆ. ಅಪೂಲಿ, ಅಪೂಲಿ ಎಂದು ತಟ್ಟುತ್ತಾ ಕೂರುತ್ತೇನೆ. ಅದಕ್ಕೆ ಮಾತು ಬರಲು ಇನ್ನೂ ಒಂದು ವರ್ಷವಾದರೂ ಬೇಕು. ಅಜ್ಜಿಯನ್ನು ಏನೆಂದು ಕರೆಯಬೇಕು ಎಂದು ಅದಕ್ಕೆ ಕಲಿಸುವವಳು ಅವಳೇ.