ಎರಡನೇ ಮೈಕು

"ಕಾಲಿನ ಕಡೆಯವರು ಎತ್ತಿ, ತಲೆ ಕಡೆಯವರು ತಗ್ಗಿಸಿ! ಓಡಬೇಡ್ರಪ್ಪಾ, ಅವಳಿಗಿನ್ನು ಯಾವ ಶಿಫ್ಟಿಗೂ ತಡ ಆಗಲ್ಲ," ಎಂದ ಬಡಗಿ.

ಸೈಕಲ್ ರಿಪೇರಿ ಅಂಗಡಿಯ ಪಕ್ಕದಲ್ಲಿ ಹದಿಮೂರು ಮೆಟ್ಟಿಲು ಇಳಿದರೆ ಹಾಡುಗಾರರ ಕ್ಲಬ್ಬು. ನಲವತ್ತು ಕುರ್ಚಿ, ಮೊಣಕಾಲೆತ್ತರದ ವೇದಿಕೆ, ಎರಡು ಮೈಕು. ಸ್ಟ್ರೆಚರಿನ ಎಡಮೂಲೆ ಹಿಡಿದಿದ್ದವನು ಡ್ರೈವರ್. ವಾರವೆಲ್ಲ ಶಾಲೆಯ ಬಸ್ಸು ಓಡಿಸಿ, ಶನಿವಾರ ಸಂಜೆ ಗಿಟಾರು ಹೊತ್ತು ಇದೇ ಮೆಟ್ಟಿಲು ಇಳಿಯುತ್ತಿದ್ದವನು. ಹನ್ನೊಂದು ವರ್ಷ ಅವನ ಹಿಂದೆ ಒಂದು ಮೆಟ್ಟಿಲು ಬಿಟ್ಟು ಇಳಿಯುತ್ತಿದ್ದವಳು ಇವತ್ತು ಅವನ ಕೈಮೇಲೆ ಇಳಿಯುತ್ತಿದ್ದಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಅವಳನ್ನು ಇಡೀ ಬೀದಿ ಇಸ್ತ್ರಿಯಕ್ಕ ಎಂದೇ ಕರೆಯುತ್ತಿತ್ತು.

ಆಸ್ಪತ್ರೆಯಿಂದ ಮನೆಗೆ ಒಯ್ಯುವ ಹಾಗಿರಲಿಲ್ಲ. "ಬಾಡಿಗೆಗೆ ಕೊಟ್ಟಿದ್ದು ಬದುಕಿರೋರಿಗೆ," ಎಂದ ಮನೆ ಮಾಲೀಕ ಬೀದಿ ಬಾಗಿಲಿಗೇ ಬೀಗ ಜಡಿದಿದ್ದ. ಲಾಂಡ್ರಿಯ ಮಾಲೀಕರೂ ಬರಲಿಲ್ಲ. ಒಂದು ಬಿಳಿ ಚಾದರ ಕಳಿಸಿದ್ದರು. ಅದರ ಮೂಲೆಯಲ್ಲಿ ಲಾಂಡ್ರಿಯ ನೀಲಿ ಮುದ್ರೆ. ಇಪ್ಪತ್ತೆರಡು ವರ್ಷ ಊರವರ ಬಟ್ಟೆಯ ಸುಕ್ಕು ಬಿಡಿಸಿದವಳಿಗೆ ಬಂದ ಬಟ್ಟೆ ಮುದುಡಿದ ಕಾಗದದ ಹಾಗಿತ್ತು. ಅದೇ ಲಾಂಡ್ರಿಯಲ್ಲಿ ಬಟ್ಟೆ ಮಡಚುವ ಕೆಲಸದ ತಂಗಿ, ಮುದ್ರೆಯನ್ನು ಒಳಗೆ ಮಡಚಿ ಹಾಕಿ, ಅಂಗೈಯಿಂದ ಚಾದರವನ್ನು ನೀವುತ್ತಲೇ ಇದ್ದಳು. ಸುಕ್ಕು ಹೋಗಲಿಲ್ಲ.

ವೇದಿಕೆಯ ಕೆಳಗೆ ಮೂರು ಮೇಜು ಜೋಡಿಸಿ ಮಲಗಿಸಿದರು.

"ನಾಲ್ಕಕ್ಕೆ ಗಾಡಿ ಬರುತ್ತೆ," ಎಂದಳು ತಂಗಿ, ಡ್ರೈವರನ ಮುಖ ನೋಡದೆ. "ಅದಕ್ಕೆ ಮುಂಚೆ ಅಕ್ಕನ ಎದುರಿಗೆ ಆ ಅಂಗಿ ಹಾಡು ಆಗಬೇಕು. ನೀವೇ ಹಾಡಬೇಕು."

"ಗಂಟಲು ಕಟ್ಟಿದೆ ಕಣಮ್ಮಾ."

"ಮೂರು ಶನಿವಾರ ಚೆನ್ನಾಗೇ ಇತ್ತಂತಲ್ಲ."

ಡ್ರೈವರ್ ಗೋಡೆ ನೋಡಿದ. ಅಲ್ಲಿ ಕ್ಲಬ್ಬಿನ ಒಂದೇ ಒಂದು ನಿಯಮವನ್ನು ಬಡಗಿ ಹಲಗೆಯ ಮೇಲೆ ಕೊರೆದು ತೂಗುಹಾಕಿದ್ದ: ಹಾಡುವ ಮೊದಲು ಹೇಳಿ, ಹಾಡು ಯಾರದು? ಇಲ್ಲಿ ಸ್ವಂತ ಹಾಡಿಗೆ ಮಾತ್ರ ಜಾಗ. ವೇದಿಕೆ ಏರಿದವರನ್ನು ಕೂತವರೆಲ್ಲ "ಯಾರದು?" ಎಂದು ಕೂಗಿ ಕೇಳಬೇಕು, ಹಾಡುವವರು ಉತ್ತರ ಕೊಟ್ಟೇ ಬಾಯಿ ತೆರೆಯಬೇಕು. ಹನ್ನೊಂದು ವರ್ಷ ಅವರಿಬ್ಬರೂ ಒಟ್ಟಿಗೆ "ನಮ್ಮದು" ಎಂದಿದ್ದರು.

"ನನಗೊಂದು ಅರ್ಥ ಆಗಲ್ಲ," ಬಡಗಿ ಕುರ್ಚಿ ಎಳೆದು ಕೂತ. ಅವನೂ ಹಾಡು ಕಟ್ಟುವವನೇ. "ನಿನ್ನ ಅಂಗಿ ಇಸ್ತ್ರಿ ಕಂಡಿದ್ದನ್ನ ನಾನಂತೂ ನೋಡಿಲ್ಲ. ಇಸ್ತ್ರಿ ಮೇಲೆ ಅಂಥಾ ಹಾಡು ಹೆಂಗೆ ಬರೆದೆ ಮಹಾರಾಯ?"

ಒಂದಿಬ್ಬರು ನಕ್ಕರು. ಡ್ರೈವರನೂ ನಗಲು ನೋಡಿದ. ಹಲ್ಲು ಮಾತ್ರ ಕಂಡಿತು.

*

ಹಾಡು ಹುಟ್ಟುತ್ತಿದ್ದುದು ಲಾಂಡ್ರಿಯ ಹಿಂಬದಿಯಲ್ಲಿ, ಊಟದ ಬಿಡುವಿನ ಅರ್ಧ ಗಂಟೆಯಲ್ಲಿ. ಬಸ್ಸನ್ನು ಗೇಟಿನ ಬಳಿ ನಿಲ್ಲಿಸಿ ಅವನು ಬರುತ್ತಿದ್ದ. ಅವಳು ಬಟ್ಟೆಗೆ ಅಂಟಿಸುವ ಚೀಟಿಗಳ ಹಿಂದೆ ಪೆನ್ಸಿಲ್ಲಿನಲ್ಲಿ ಸಾಲು ಬರೆದಿಟ್ಟಿರುತ್ತಿದ್ದಳು. ಮಾತು ಅವಳದು, ರಾಗ ಅವನದು.

ಅವನಿಗೆ ಕಂಠ ಇತ್ತು. ಆದರೆ ಎಲ್ಲಿ ಶುರು ಮಾಡಬೇಕು ಎನ್ನುವುದು ಮಾತ್ರ ಜನ್ಮಕ್ಕೂ ತಿಳಿಯಲಿಲ್ಲ. ಪ್ರತಿ ಸಲ ಅರ್ಧ ತಾಳ ಮುಂಚೆ, ಇಲ್ಲವೇ ಅರ್ಧ ತಾಳ ತಡ.

"ಬಸ್ಸನ್ನೂ ಹಿಂಗೇ ಬಿಡ್ತೀಯಾ? ಮಕ್ಕಳು ಹತ್ತೋಕೆ ಮುಂಚೆ?" ಎಂದು ನಕ್ಕಿದ್ದಳು. "ತಾಳ ಗೀಳ ಬಿಟ್ಟಾಕು. ನನ್ನ ಉಸಿರು ಕೇಳಿಸ್ಕೋ. ನಾನು ಎಳ್ಕೊಂಡ ತಕ್ಷಣ ನೀನು ಶುರು ಹಚ್ಕೋ."

ಅವಳ ಉಸಿರು ಕೇಳದೇ ಇರುವಂಥದ್ದಲ್ಲ. ಹಬೆಯೂ ಕಲೆ ತೆಗೆಯುವ ಔಷಧಿಯೂ ಎದೆಯೊಳಗೆ ಮನೆ ಮಾಡಿದ್ದವು. ಹಳೇ ಬಾಗಿಲು ತೆರೆದ ಹಾಗೆ ಕಿರ್ರೆನ್ನುತ್ತ ಉಸಿರು ಒಳಗೆ ಹೋಗುತ್ತಿತ್ತು. ಪ್ರತಿ ಚರಣ ಮುಗಿದ ಮೇಲೆ ಮೈಕಿನಿಂದ ಎಡಕ್ಕೆ ಮುಖ ತಿರುಗಿಸಿ ಒಮ್ಮೆ ಕೆಮ್ಮುವಳು. ವೇದಿಕೆಯ ಎಡಕ್ಕೆ ನಿಂತಿರುತ್ತಿದ್ದ ತಂಗಿ ನೀರಿನ ಲೋಟ ಚಾಚುವಳು. ಜನ ಡ್ರೈವರನಿಗೆ ಚಪ್ಪಾಳೆ ತಟ್ಟುವರು.

ಅವಳ ಎದೆಯನ್ನು ತಿಂದವರ ಅಂಗಿಗಳು ಆ ಹೊತ್ತಿನಲ್ಲಿ ಯಾವ್ಯಾವುದೋ ಕಪಾಟಿನಲ್ಲಿ ಗರಿಗರಿಯಾಗಿ ನೇತಾಡುತ್ತಿದ್ದವು.

*

"ಡ್ರೈವರೇ, ಇಲ್ಲಿ ಬಾ," ಎಂದು ಮೂಲೆಯಿಂದ ಕರೆದವನು ಸೌಂಡಣ್ಣ. ಮೈಕುಗಳ ವೈರು, ಗುಂಡಿ, ದೀಪಗಳ ಮೇಜಿನ ಹಿಂದೆ ತಲೆ ನರೆಸಿಕೊಂಡವನು. ಪ್ರತಿ ಶನಿವಾರದ ಹಾಡನ್ನೂ ಅವನು ರೆಕಾರ್ಡು ಮಾಡಿಡುತ್ತಿದ್ದ. ಹೆಡ್‌ಫೋನನ್ನು ಡ್ರೈವರನ ಕಿವಿಗೆ ತಾನೇ ಹಾಕಿದ.

"ಕಳೆದ ಮೂರು ಶನಿವಾರದ್ದು. ಅಕ್ಕನ ಹಾಡಲ್ವಾ, ಇವತ್ತು ಹಾಕೋಣ ಅಂತ ಬೆಳಿಗ್ಗೆ ಕೇಳಿದೆ. ನೀನೂ ಕೇಳು."

"ಅಕ್ಕನ ಹಾಡು ಅಂತ ನಿನಗೆ ಯಾರು..."

"ಕೇಳು ಅಂದೆ."

ಜನರ ಕೂಗು: ಯಾರದು? ಅವನದೇ ದನಿ: ನಂದು. ಆಮೇಲೆ ಗಿಟಾರು. ಆಮೇಲೆ, ಹಾಡಿನ ಮೊದಲ ಸಾಲಿಗೆ ಮುಂಚೆ, ಕಿರ್ರೆಂದು ಒಂದು ಉಸಿರು ಒಳಗೆ ಹೋಯಿತು.

ಡ್ರೈವರ್ ಹೆಡ್‌ಫೋನನ್ನು ಕಿವಿಗೆ ಒತ್ತಿಹಿಡಿದ. ಎರಡನೇ ಸಾಲಿಗೂ ಉಸಿರು. ಮೂರನೆಯದಕ್ಕೂ. ಚರಣದ ಕೊನೆಗೆ, ಸ್ವಲ್ಪ ದೂರದಲ್ಲಿ, ಯಾರೋ ಆ ಕಡೆ ತಿರುಗಿ ಕೆಮ್ಮಿದಂತೆ ಒಂದು ಕೆಮ್ಮು.

"ಆ ಮೂರು ವಾರಾನೂ ಅವಳು ಆಸ್ಪತ್ರೆಯಲ್ಲಿದ್ದಳು," ಎಂದ ಸೌಂಡಣ್ಣ. "ಎರಡನೇ ಮೈಕು ಪೆಟ್ಟಿಗೆಯೊಳಗಿತ್ತು. ಬೀಗ ಹಾಕಿದ್ದು ನಾನೇ."

"ನಂದೇ ಉಸಿರಿರಬೇಕು."

"ನಿಂದೂ ಇದೆ, ಅದರ ಹಿಂದೆ. ಇಷ್ಟು ವರ್ಷದಿಂದ ಕೇಳ್ತಿದೀನಿ, ನನಗೆ ಗೊತ್ತಾಗಲ್ವಾ?" ಸೌಂಡಣ್ಣ ಮೊದಲಿನಿಂದ ಮತ್ತೆ ಹಾಕಿದ. "ಅದು ಬಿಡು. 'ನಂದು' ಅಂತೀಯಲ್ಲ, ಅದರ ಹಿಂದೆಯೇ ಕೇಳಿಸ್ಕೋ."

ಯಾರದು? ನಂದು. ಆ ಮಾತಿನ ಬೆನ್ನಿಗೇ ಒಂದು ಉಸಿರು ಒಳಗೆ ಹೋಗಿತ್ತು, ಯಾರೋ ಏನೋ ಹೇಳಲು ಬಾಯಿ ತೆರೆದ ಹಾಗೆ. ಅದು ಹೊರಗೆ ಬಂದ ಸದ್ದು ಇರಲಿಲ್ಲ.

*

ಆ ಅಂಗಿ ಹಾಡಿನ ರಾಗವೂ ಅವನದಲ್ಲ. ಆಸ್ಪತ್ರೆಯ ಮಂಚದ ಮೇಲೆ ಆಮ್ಲಜನಕದ ಮುಖವಾಡವನ್ನು ಗಲ್ಲಕ್ಕೆ ಇಳಿಸಿ, ಒಂದೊಂದೇ ಸಾಲು ಗುನುಗಿ ಕಲಿಸಿದ್ದಳು.

ಯಾರದೋ ಅಂಗಿಯ ಸುಕ್ಕು ಬಿಡಿಸಿದೆ,
ನನ್ನ ಕೈಯ ಸುಕ್ಕಿಗೆ ಯಾರೂ ಇಲ್ಲ.
ಮಡಚಿ ಇಟ್ಟ ಹಾಗೆ ಮಡಚಿ ಬಿದ್ದಿರಲು
ನಾನು ಅಂಗಿಯಲ್ಲ, ನಾನು ಅಂಗಿಯಲ್ಲ.

ಮೊದಲ ಶನಿವಾರದ ಮರುದಿನ ಕೇಳಿದಳು: "ಯಾರದು ಅಂದ್ರಾ ಜನ?"

"ಅಂದ್ರು."

"ಏನಂದೆ?"

ಐನೂರು ಸಲ "ನಮ್ಮದು" ಎಂದ ಬಾಯಿ ಆ ಸಂಜೆ ಒಂಟಿಯಾಗಿ ಬೆಳಕಿನಲ್ಲಿ ನಿಂತು ಬೇರೆ ಏನನ್ನೋ ಹೇಳಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಯಾರೂ ಹಾಗೆ ಹಿಂದೆಂದೂ ಎದ್ದಿರಲಿಲ್ಲ.

"ನಿನ್ನದು ಅಂದೆ," ಎಂದ.

ಅವಳು ಅವನನ್ನೇ ನೋಡಿದಳು. ಕಾಲರಿನ ಒಳಗಿನ ಕೊಳೆಯನ್ನು ನೋಡುವಂತೆ, ಬೈಯದೆ, ಗುರುತು ಹಿಡಿದು.

"ಸರಿ ಹಾಗಾದ್ರೆ. ನಾನಿಲ್ಲ ಅಂತ ಹೆದರಬೇಡ. ಉಸಿರು ನಾನೇ ಎಳ್ಕೋತೀನಿ, ಇಲ್ಲಿಂದಲೇ," ಎಂದು ಮುಖವಾಡ ಮೇಲೆಳೆದುಕೊಂಡಳು.

ಮತ್ತೆರಡು ಶನಿವಾರವೂ ಅವನು ಜನರಿಗೆ "ನಂದು" ಎಂದೇ ಹೇಳಿದ. ಆಶ್ಚರ್ಯವೆಂದರೆ, ಒಮ್ಮೆಯೂ ಅವನ ತಾಳ ತಪ್ಪಲಿಲ್ಲ.

*

ಮೂರೂವರೆ. ಲಾಂಡ್ರಿಯ ಹೆಂಗಸರು ಶಿಫ್ಟು ಬಿಟ್ಟು ನೇರ ಬಂದಿದ್ದರು. ಕ್ಲಬ್ಬಿನ ತುಂಬ ಬಿಸಿ ಬಟ್ಟೆಯ ವಾಸನೆ. ಸೌಂಡಣ್ಣ ಪೆಟ್ಟಿಗೆಯ ಬೀಗ ತೆಗೆದು ಎರಡನೇ ಮೈಕನ್ನು ಅದರ ಜಾಗದಲ್ಲಿ ನಿಲ್ಲಿಸಿದ.

"ವೈರು?" ಎಂದ ಬಡಗಿ.

"ಅದು ನೆನಪಿಗೆ ಅಷ್ಟೇ. ವೈರು ಯಾಕೆ?"

ವೈರು ಸುತ್ತಿದಂತೆಯೇ ನೆಲದ ಮೇಲಿತ್ತು. ತಂಗಿ ಯಾರೂ ಹೇಳದೆಯೇ ನೀರಿನ ಲೋಟ ತುಂಬಿಕೊಂಡು ಎಡಕ್ಕೆ ಹೋಗಿ ನಿಂತಳು.

ಡ್ರೈವರ್ ವೇದಿಕೆ ಏರಿದ. ಕೆಳಗೆ ಚಾದರ, ಚಾದರದ ಸುಕ್ಕು. ನಲವತ್ತು ಕುರ್ಚಿಗೆ ನೂರು ಜನ.

"ಯಾರದು?" ಎಂದು ಕೂಗಿದವಳು ತಂಗಿ. ಒಬ್ಬಳೇ. ಬಾಕಿಯವರು ದನಿಗೂಡಿಸಿದರು. "ಯಾರದು?"

ಅವನ ಪಕ್ಕದಲ್ಲಿ, ಕಿವಿಯಿಂದ ಒಂದು ಮೊಳದಾಚೆ, ಏನೋ ಕಾಯುತ್ತಿತ್ತು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

"ಅವಳದು," ಎಂದ. "ಮಾತೂ ಅವಳದೇ, ರಾಗವೂ ಅವಳದೇ. ಮೂರು ವಾರ ನಿಮಗೆ ಸುಳ್ಳು ಹೇಳಿದೆ. ಅವಳಿಗೂ ಹೇಳಿದೆ. ಹನ್ನೊಂದು ವರ್ಷ ನೀವು ಚಪ್ಪಾಳೆ ತಟ್ಟಿದ್ದು ಅವಳ ಉಸಿರಿಗೆ."

ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಅವನು ಗಿಟಾರಿನ ತಂತಿ ಮೀಟಿದ. ಮೊದಲ ಸುತ್ತು ಮುಗಿಯಿತು. ಶುರು ಮಾಡುವ ಜಾಗ ಬಂತು.

ಕಿರ್ರೆಂದು ಉಸಿರು ಒಳಗೆ ಹೋಯಿತು.

ಮುಂದಿನ ಸಾಲಿನ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಬಡಗಿ ಅರ್ಧ ಎದ್ದವನು ಹಾಗೇ ನಿಂತ. ಡ್ರೈವರ್ ಬಾಯಿ ತೆರೆದ. ಹನ್ನೊಂದು ವರ್ಷದ ಅಭ್ಯಾಸ, ತಾನಾಗಿಯೇ ತೆರೆಯಿತು. ತೆರೆದ ಬಾಯಿಯನ್ನು ಅವನು ಮುಚ್ಚಿಕೊಂಡ. ತನ್ನ ಮೈಕಿನ ಗುಂಡಿ ಆರಿಸಿ ಒಂದು ಹೆಜ್ಜೆ ಹಿಂದೆ ಸರಿದು, ಗಿಟಾರು ಮಾತ್ರ ನುಡಿಸುತ್ತ ನಿಂತ.

ಮೂಲೆಯಲ್ಲಿ ಸೌಂಡಣ್ಣ ಮೇಜಿನಿಂದ ಎರಡೂ ಕೈ ಎತ್ತಿಬಿಟ್ಟಿದ್ದ. ಅವನೆದುರು ಎರಡನೇ ಮೈಕಿನ ದನಿ ಅಳೆಯುವ ಹಸಿರು ದೀಪಗಳು ಏರುತ್ತಿದ್ದವು, ಇಳಿಯುತ್ತಿದ್ದವು. ಹಾಡಿನ ಒಂದು ಸಾಲು. ಎರಡು. ಸದ್ದೇನೂ ಇರಲಿಲ್ಲ. ಮೂರು. ನಾಲ್ಕನೆಯದಕ್ಕೆ ದೀಪಗಳು ಕೆಂಪು ಮುಟ್ಟಿದವು, ಎರಡು ಸಲ. ಆಮೇಲೆ ಎಲ್ಲ ಆರಿದವು.

ಒಂದು ಗಳಿಗೆ ಬಿಟ್ಟು, ಕೆಳಗಿನ ಒಂದೇ ಒಂದು ದೀಪ ಮಿಣುಕಿತು, ಯಾರೋ ಆ ಕಡೆ ತಿರುಗಿ ಕೆಮ್ಮಿದ ಹಾಗೆ.

ತಂಗಿ ಕಣ್ಣು ಮುಚ್ಚಿಕೊಂಡೇ ಲೋಟವನ್ನು ಮುಂದೆ ಚಾಚಿದಳು.