ಕೆರೆ ಮಣ್ಣಿನ ಪರ್ಮಿಷನ್

ಗುಬ್ಬಿ ಕಡೆಯ ಆ ಊರಿನಲ್ಲಿ ಕುಂಬಾರರ ತಿಗರಿ ತಿರುಗುವ ಮನೆಗಳು ಎರಡೇ ಉಳಿದಿದ್ದವು. ಒಂದು ಅಂಜನಪ್ಪನದು, ಇನ್ನೊಂದು ಅವನ ತಮ್ಮನ ಮಗಳು ಕೋಮಲಾಳದು. ಅಂಜನಪ್ಪ ಹಣತೆ, ನೀರಿನ ಗಡಿಗೆ ಮಾಡುತ್ತಿದ್ದ. ಕೋಮಲಾ ಹಸಿ ಮಣ್ಣಿನ ತಟ್ಟೆಗೆ ಹೊಂಗೆ ಎಲೆ ಒತ್ತಿ ಅದರ ನರಗಳ ಅಚ್ಚನ್ನೆಲ್ಲ ಉಳಿಸಿಕೊಳ್ಳುತ್ತಿದ್ದಳು. ಗಿಜುಗನ ಗೂಡಿನಂತೆ ಜೋತುಬೀಳುವ ದೀಪದ ಬುಟ್ಟಿ ಮಾಡುತ್ತಿದ್ದಳು. ಸುಡುವುದಕ್ಕೆ ಮರ ಕಡಿಸುತ್ತಿರಲಿಲ್ಲ, ಉದುರಿದ ತೆಂಗಿನ ಗರಿ, ಕರಟವೇ ಸಾಕು. ಒಡೆದ ಪಾತ್ರೆಯನ್ನು ಕುಟ್ಟಿ ಹೊಸ ಮಣ್ಣಿಗೆ ಸೇರಿಸುತ್ತಿದ್ದಳು. ಬೇಸಿಗೆಯಲ್ಲಿ ಕೆರೆ ಇಳಿದಾಗ ಬೇಕಾದಷ್ಟೇ ಮಣ್ಣು ತರುವಳು. ಮಿಂಚುಳ್ಳಿಗಳು ಬಿಲ ಕೊರೆದ ದಡದ ಹತ್ತಿರ ಗುದ್ದಲಿ ಒಯ್ಯುತ್ತಿರಲಿಲ್ಲ.

ಅವಳ ಗಂಡ ಹನುಮಂತರಾಜು ಟ್ರ್ಯಾಕ್ಟರ್ ಬಾಡಿಗೆಗೆ ಓಡಿಸುತ್ತಿದ್ದ. ಹೆಂಡತಿಯ ಕೆಲಸದ ವೀಡಿಯೊ ಮಾಡಿ ಹಾಕಿದವನೂ ಅವನೇ. ತುಮಕೂರಿನ ಜನ ಕಾರಿನಲ್ಲಿ ಹುಡುಕಿಕೊಂಡು ಬರತೊಡಗಿದರು.

"ಕುಂಬಾರಿಕೆಗೆ ಅಂತ ಕೆರೆ ಮಣ್ಣಿಗೆ ಪರ್ಮಿಷನ್ ಮಾಡಿಸ್ಬುಡಾಣ. ನಾಳೆ ಯಾರೂ ಕೇಳಂಗಿರಬಾರ್ದು" ಎಂದ. ಗಂಡನಿಗೆ ತನ್ನ ಕೆಲಸದ ಮೇಲೆ ಎಷ್ಟು ಕಾಳಜಿ ಎಂದು ಅವಳು ಖುಷಿಯಿಂದಲೇ ಅರ್ಜಿಗೆ ಸಹಿ ಹಾಕಿದಳು.

ಮುಂದಿನ ಬೇಸಿಗೆಗೂ ಅದೇ ಪರ್ಮಿಷನ್ ನಡೆಯಿತು. ಆಗ ಕೋಮಲಾ ಕುಣಿಗಲ್ಲಿನ ಶಾಲೆಯೊಂದಕ್ಕೆ ಮಕ್ಕಳಿಗೆ ಮಣ್ಣಿನ ಕೆಲಸ ಕಲಿಸಲು ಹೋಗಿ, ಕೆಲವು ದಿನ ಅಲ್ಲೇ ಉಳಿದಿದ್ದಳು. ವಾಪಸು ಬಂದು ಬಸ್ಸಿಳಿದರೆ ಕೆರೆಯೊಳಗೆ ಜೆಸಿಬಿ. ಟಿಪ್ಪರ್‌ಗಳು ಸಾಲಾಗಿ ನಿಂತಿವೆ. ಮಿಂಚುಳ್ಳಿಯ ದಡ ಇದ್ದ ಜಾಗದಲ್ಲಿ ಆಳುದ್ದದ ಗುಂಡಿ.

"ಯಾರಪ್ಪ ನಿಂಗೆ ಹೇಳಿದ್ದು?" ಎಂದು ಡ್ರೈವರನ ಮೇಲೆ ಕೂಗಾಡಿದಳು.

"ನಿಮ್ ಹೆಸ್ರಲ್ಲೇ ಪರ್ಮಿಷನ್ ಐತಲ್ಲ ಮೇಡಂ. ನಿಮ್ಮೆಜಮಾನ್ರು ರಾಜಣ್ಣನೇ ಕಳ್ಸವ್ರೆ. ವಸಂತನರಸಾಪುರದ ಕಡೆ ಲೇಔಟ್‌ಗೆ ತುಂಬ್ಸಕ್ಕೆ."

ಮನೆಗೆ ಬಂದಾಗ ಹನುಮಂತರಾಜು ಊಟ ಮಾಡುತ್ತಿದ್ದ.

"ನನ್ನ ಹೆಸರಲ್ಲಿ ಕೆರೆ ಬಗೀತಿದೀರಲ್ರೀ!"

ಅವನು ತಲೆ ಎತ್ತಲಿಲ್ಲ. "ನೀನ್ ತಗೊಂಡ್ರೆ ಪರಿಸರ, ನಾನ್ ತಗೊಂಡ್ರೆ ಕಳ್ಳತನವಾ? ನಿನ್ ಶೆಡ್ಡಿನ ಶೀಟು ಎಲ್ಲಿಂದ ಬಂತು ಅಂದ್ಕಂಡೆ? ಹೋದ್ವರ್ಷ ಮಾರಿದ್ ಮಣ್ಣಿಂದ್ಲೇ ಕಣೇ."

ಹೋದ ವರ್ಷವೂ ಹಳ್ಳ ಬಿದ್ದಿದ್ದನ್ನು ಅವಳು ನೋಡಿದ್ದಳು. ಯಾರೋ ತೋಟಕ್ಕೆ ಗೋಡುಮಣ್ಣು ಹೊಡೆದುಕೊಂಡಿರಬೇಕು ಎಂದುಕೊಂಡು ಸುಮ್ಮನಾಗಿದ್ದಳು.

ಬೆಳಿಗ್ಗೆ ಎದ್ದು ಗುಬ್ಬಿಯ ತಾಲ್ಲೂಕು ಕಚೇರಿಗೆ ಹೋಗಿ ಗಂಡನ ಹೆಸರು ಬರೆದು ದೂರು ಕೊಟ್ಟಳು. ಅಧಿಕಾರಿಗಳು ಬಂದರು, ಜೆಸಿಬಿ ಹೋಯಿತು. ಅದರ ಜೊತೆಗೇ ಆ ಕೆರೆಯಿಂದ ಇನ್ನು ಯಾರೂ ಒಂದು ಪುಟ್ಟಿ ಮಣ್ಣನ್ನೂ ಎತ್ತಕೂಡದೆಂದು ತಂತಿಬೇಲಿ ಬಂತು. ಹನುಮಂತರಾಜು ಬಟ್ಟೆ ತುಂಬಿಕೊಂಡು ತುಮಕೂರಿಗೆ ಹೋದವನು ಫೋನ್ ಕೂಡ ಮಾಡಲಿಲ್ಲ.

ಅಂಜನಪ್ಪ ಬಂದು ಜಗಲಿಯ ಮೇಲೆ ಕೂತ. "ಗಂಡನ್ನ ನಿಲ್ಸಕ್ಕೋಗಿ ನನ್ ತಿಗರಿ ನಿಲ್ಸ್‌ಬುಟ್ಟೆ ಕಣಮ್ಮ."

"ನೋಡ್ಕಂಡು ಸುಮ್ನಿರಬೇಕಿತ್ತಾ ದೊಡ್ಡಪ್ಪ?"

"ಅದೆಲ್ಲ ನಂಗೊತ್ತಿಲ್ಲ. ದೀಪಾವಳಿಗೆ ಯಾವ್ ಮಣ್ಣಲ್ಲಿ ಹಣತೆ ಮಾಡ್ಲಿ, ಅದ್ನೇಳು."

ಅವಳು ಒಳಗಿಂದ ಚೊಂಬು ತಂದಿಟ್ಟಳು. ಅವನು ನೀರನ್ನೂ ಕುಡಿಯದೆ ಎದ್ದುಹೋದ. ಆಮೇಲೆ ಅವಳ ಮನೆ ಕಡೆ ಬರಲಿಲ್ಲ.

ಈಗ ಕೋಮಲಾಳ ಮಣ್ಣು ದೂರದ ಊರಿನಿಂದ ಪ್ಲಾಸ್ಟಿಕ್ ಚೀಲಗಳಲ್ಲಿ ಲಾರಿ ಹತ್ತಿ ಬರುತ್ತದೆ. ಅದು ನುಣ್ಣಗಿದೆ, ಎಲೆಯ ಅಚ್ಚು ಮೊದಲಿಗಿಂತ ಚೆನ್ನಾಗಿಯೇ ಮೂಡುತ್ತದೆ. ಮೊದಮೊದಲು ತುಮಕೂರಿನ ಮೇಳಗಳಲ್ಲಿ ಗಿರಾಕಿಗಳಿಗೆ ಇದು ಹೊರಗಿನ ಮಣ್ಣು ಎಂದು ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದಳು. ಅವರು ತಟ್ಟೆಯನ್ನು ಅಲ್ಲೇ ಇಟ್ಟು ಮುಂದೆ ಹೋಗುತ್ತಿದ್ದರು.

ಮೊನ್ನೆ ಒಬ್ಬ ಹೆಂಗಸು ತಟ್ಟೆಯ ಮೇಲೆ ಬೆರಳಾಡಿಸುತ್ತ, "ಎಷ್ಟು ಚೆನ್ನಾಗಿದೆ! ನಿಮ್ಮೂರ ಕೆರೆ ಮಣ್ಣೇ ಅಲ್ವಾ?" ಎಂದು ಕೇಳಿದಳು.

"ಹೌದು" ಎಂದಳು ಕೋಮಲಾ. ಹಳೇ ಪೇಪರಿನಲ್ಲಿ ತಟ್ಟೆ ಸುತ್ತಿ ಕೊಟ್ಟಳು.