ಶಾಲಿನಿಯ ಅರವತ್ತು ಪರವಾಗಿಲ್ಲಗಳು

ಮೈಸೂರಿನ ಒಂಟಿಕೊಪ್ಪಲಿನಲ್ಲಿ ಚಕ್ಕುಲಿ, ಕೋಡುಬಳೆ ಮಾಡಿಸಿ ಮಾರುವ ವಿಶ್ವನಾಥ್ ಅವರಿಗೆ ಅರವತ್ತನೆಯ ವಯಸ್ಸಿನಲ್ಲಿ ಮನಶ್ಶಾಸ್ತ್ರದ ಹುಚ್ಚು ಹಿಡಿಯಿತು. ಬೇರೆಯವರಿಗೆ ಆ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬರುತ್ತದೆ, ಅದಕ್ಕಾದರೆ ಮಾತ್ರೆಯಿದೆ. ಬೆಂಗಳೂರಿನ ಯಾವುದೋ ಶಿಬಿರದಲ್ಲಿ ಎರಡು ದಿನ ಕೂತು ಬಂದವರೇ, ಜನರನ್ನು ಕಣ್ಣಳತೆಯಲ್ಲಿ ತೂಗುವುದು ಹಳೇ ಕಾಲದ ಪದ್ಧತಿ ಎಂದು ಸಾರಿಬಿಟ್ಟರು. ರಾಮಕೃಷ್ಣನಗರದಲ್ಲಿ ತೆರೆಯಲಿದ್ದ ಹೊಸ ಶಾಖೆಗೆ ಮ್ಯಾನೇಜರ್ ಯಾರೆಂಬುದನ್ನು ಇನ್ನು ವ್ಯಕ್ತಿತ್ವ ಪರೀಕ್ಷೆಯೇ ಹೇಳಬೇಕಿತ್ತು.

ಶಾಲಿನಿಗೆ ಇದು ಬೇಕಿರಲಿಲ್ಲ. ಹದಿನಾಲ್ಕು ವರ್ಷದಿಂದ ಅವರ ಅಂಗಡಿಯ ಆರ್ಡರ್ ಬರೆದುಕೊಳ್ಳುತ್ತಿದ್ದವಳು ಅವಳು. ಚಕ್ಕುಲಿ ಮುರಿದಿದೆ ಎಂದು ಫೋನಿನಲ್ಲಿ ಕಿರುಚುವವರನ್ನು ಸಮಾಧಾನ ಮಾಡಿ, ಅವರಿಂದಲೇ ಇನ್ನೊಂದು ಕೆ.ಜಿ.ಗೆ ಆರ್ಡರ್ ಹಿಡಿದವಳೂ ಅವಳೇ. ಆ ಮ್ಯಾನೇಜರ್ ಕುರ್ಚಿಗೆ ಮನಸ್ಸಿನಲ್ಲೇ ಒಂದು ಬಿಳಿ ಟವೆಲ್ಲನ್ನೂ ಹಾಸಿಟ್ಟುಕೊಂಡಿದ್ದಳು. ಪೈಪೋಟಿಗಿದ್ದವನು ಪುನೀತ್. ಅವನು ಸೇರಿ ಎಂಟೇ ತಿಂಗಳು, ಆದರೆ ಯಜಮಾನರು ಬಾಯಿ ತೆರೆಯುವ ಮೊದಲೇ "ಕರೆಕ್ಟ್ ಸಾರ್" ಅನ್ನುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ.

ಪರೀಕ್ಷೆ ಇಂಗ್ಲಿಷಿನಲ್ಲಿತ್ತು. ಅದನ್ನು ಕನ್ನಡಕ್ಕೆ ಇಳಿಸಿದವಳು ಎಚ್‌ಆರ್ ಹುಡುಗಿ ಸಿಂಚನ. ಒಟ್ಟು ಅರವತ್ತು ವಾಕ್ಯ, ಪ್ರತಿ ವಾಕ್ಯದ ಮುಂದೆ ಮೂರು ಚೌಕ. ಮೊದಲನೆಯದು ‘ಒಪ್ಪುತ್ತೇನೆ’, ಕೊನೆಯದು ‘ಒಪ್ಪುವುದಿಲ್ಲ’. ನಡುವಿನದೇ ಕಷ್ಟ. ಪರವಾಗಿಯೂ ಇಲ್ಲ, ವಿರೋಧವಾಗಿಯೂ ಇಲ್ಲ ಅನ್ನಬೇಕು, ಜಾಗ ನೋಡಿದರೆ ಒಂದು ಪದದಷ್ಟೇ. ಸಿಂಚನ ತಲೆ ಕೆರೆದುಕೊಂಡು ‘ಪರವಾಗಿಲ್ಲ’ ಎಂದು ಹಾಕಿ ಕೈತೊಳೆದುಕೊಂಡಳು.

ಮೈಸೂರಿನವರ ಮುಂದೆ ಆ ಪದ ಇಡುವುದೂ ಒಂದೇ, ಬೆಕ್ಕಿನ ಮುಂದೆ ಹಾಲಿಟ್ಟು ಅಭಿಪ್ರಾಯ ಕೇಳುವುದೂ ಒಂದೇ. ಶಾಲಿನಿ ಓದಿದಳು: ‘ನಾನು ಮಾಡಿದ ಕೆಲಸಕ್ಕೆ ಬೇರೆಯವರು ಶಭಾಷ್ ಅನ್ನಿಸಿಕೊಳ್ಳುತ್ತಾರೆ.’ ಹೋಗಲಿ ಪಾಪ, ಪರವಾಗಿಲ್ಲ. ‘ಮೇಲಿನವರು ಎಲ್ಲರೆದುರು ನನ್ನನ್ನು ಗದರಿಸುತ್ತಾರೆ.’ ದೊಡ್ಡವರಲ್ಲವೇ, ಪರವಾಗಿಲ್ಲ. ‘ರಜೆಯ ದಿನವೂ ನನ್ನನ್ನು ಕೆಲಸಕ್ಕೆ ಕರೆಯುತ್ತಾರೆ.’ ಒಪ್ಪುತ್ತೇನೆ ಎಂದರೆ ಚಾಡಿ ಹೇಳಿದಂತೆ, ಒಪ್ಪುವುದಿಲ್ಲ ಎಂದರೆ ಸುಳ್ಳು ಹೇಳಿದಂತೆ. ಹೀಗೆ ಅರವತ್ತಕ್ಕೆ ಅರವತ್ತೂ ನಡುವಿನ ಚೌಕಕ್ಕೇ ಗುರುತು ಹಾಕಿ, ತಾಳ್ಮೆಗೆ ನೂರಕ್ಕೆ ನೂರು ಗ್ಯಾರಂಟಿ ಎಂದುಕೊಂಡು ಎದ್ದಳು.

ಪುನೀತ್ ಅರವತ್ತಕ್ಕೂ ‘ಒಪ್ಪುತ್ತೇನೆ’ ಎಂದಿದ್ದ. ‘ನನಗೆ ಒಬ್ಬನೇ ಇರುವುದು ಇಷ್ಟ’ ಎನ್ನುವುದನ್ನೂ ಒಪ್ಪಿದ್ದ, ‘ನನಗೆ ಸದಾ ಜನರ ನಡುವೆ ಇರುವುದು ಇಷ್ಟ’ ಎನ್ನುವುದನ್ನೂ ಒಪ್ಪಿದ್ದ.

ಸೋಮವಾರ ವಿಶ್ವನಾಥ್ ಮೂವರನ್ನೂ ತಮ್ಮ ಕೋಣೆಗೆ ಕರೆಸಿದರು. ಸಿಂಚನ ಕಂಪ್ಯೂಟರ್ ಕೊಟ್ಟ ವರದಿ ಓದಿದಳು. ಪುನೀತ್ ‘ಸಿಂಹ ಮಾದರಿ, ಹುಟ್ಟು ನಾಯಕ’. ಶಾಲಿನಿಯದು ಒಂದೇ ಸಾಲು: ‘ವ್ಯಕ್ತಿತ್ವ ಪತ್ತೆಯಾಗಿಲ್ಲ.’

"ಸಾರ್, ನಾನು ಹದಿನಾಲ್ಕು ವರ್ಷದಿಂದ ಇಲ್ಲೇ ಇದ್ದೀನಲ್ಲ ಸಾರ್," ಎಂದಳು ಶಾಲಿನಿ.

"ನಂಗೊತ್ತಿಲ್ವೇನಮ್ಮ? ಆದ್ರೆ ಕಂಪ್ಯೂಟರ್‌ಗೆ ಸಿಗ್ಲಿಲ್ವಲ್ಲ! ಬೇಜಾರ್ ಮಾಡ್ಕೋಬೇಡಿ. ಪುನೀತ್‌ಗೆ ಕೆಲಸ ಒಂದೂ ಗೊತ್ತಿಲ್ಲ. ಒಂದ್ ತಿಂಗಳು ಜೊತೆಗಿದ್ದು ನೀವೇ ಎಲ್ಲಾ ಕಲಿಸ್ಕೊಟ್ಬುಡಿ. ಪರ್ವಾಗಿಲ್ಲ ತಾನೆ?"

ಹದಿನಾಲ್ಕು ವರ್ಷದ ಅಭ್ಯಾಸ. ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಶಾಲಿನಿ ಅದನ್ನು ಉಗುಳಿನ ಜೊತೆ ನುಂಗಿದಳು.

"ಪರ್ವಾಗಿದೆ ಸಾರ್."

ಅಂಥ ಮಾತನ್ನು ಆ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲ. ಸಿಂಚನ ಸುಮ್ಮನೆ ವರದಿಯ ಹಾಳೆ ತಿರುವಿದಳು.

"ಹಂಗಂದ್ರೆ?" ಎಂದರು ವಿಶ್ವನಾಥ್.

"ಹಂಗಂದ್ರೆ ನಂಗೆ ಬೇಜಾರಾಗಿದೆ ಸಾರ್. ಕಲಿಸಲ್ಲ."

ಯಜಮಾನರು ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಮೇಲಿದ್ದ ಆರ್ಡರ್ ಫೋನು ಹೊಡೆದುಕೊಂಡಿತು. ಅಭ್ಯಾಸಬಲದಿಂದ ಎಲ್ಲರೂ ಶಾಲಿನಿಯ ಮುಖ ನೋಡಿದರು. ಅವಳು ಫೋನನ್ನು ಪುನೀತನ ಕಡೆ ಸರಿಸಿದಳು. ಅವನು ಗತ್ತಿನಿಂದಲೇ ಎತ್ತಿಕೊಂಡ.

ಆ ಕಡೆ ಇದ್ದವರು ಚಾಮರಾಜಪುರಂನ ಮಂಗಳಮ್ಮ, ಇಪ್ಪತ್ತು ವರ್ಷದ ಗಿರಾಕಿ. ಅವರ ದನಿಗೆ ಸ್ಪೀಕರ್ ಬೇಕಾಗಿರಲಿಲ್ಲ. "ಏನ್ರೀ ಇದು ಕೋಡುಬಳೆ? ಕಲ್ಲು ಕಣ್ರೀ, ಕಲ್ಲು! ನಿಮ್ ಯಜಮಾನ್ರಿಗೆ ವಯಸ್ಸಾಯ್ತು, ಬುದ್ಧಿ ಕೆಟ್ಟಿದೆ. ಹೌದೋ ಅಲ್ವೋ?"

"ಕರೆಕ್ಟ್ ಮೇಡಂ," ಎಂದ ಪುನೀತ್.

"ನಮ್ ಮೊಮ್ಮಗಳ ಮದುವೆ ಆರ್ಡರ್ ಬೇರೆ ಕಡೆ ಕೊಡೋದೇ ವಾಸಿ."

"ಒಪ್ತೀನಿ ಮೇಡಂ."

ವಿಶ್ವನಾಥ್ ಅವರ ಮುಖ ಎಣ್ಣೆಗೆ ಬಿಟ್ಟ ಹಿಟ್ಟಿನಂತಾಯಿತು. ಎದ್ದು ನಿಂತು, ಫೋನಿನತ್ತ ಕೈ ತೋರಿಸುತ್ತಾ, ಪಿಸುದನಿಯಲ್ಲಿ ಬೇಡಿಕೊಂಡರು. "ಶಾಲಿನಿ, ನೀವೇ ಸ್ವಲ್ಪ ಮಾತಾಡ್ರಮ್ಮ..."

ಶಾಲಿನಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತಳು. ಮುಂದೆ ಏನಾದರೂ ಆಗಲಿ, ಇಷ್ಟು ವರ್ಷದಲ್ಲಿ ಆ ಮಾತನ್ನು ಅವಳು ಮನಸಾರೆ ಹೇಳಿದ್ದು ಇದೇ ಮೊದಲು.

"ಅವ್ರೇ ಮಾತಾಡ್ಲಿ ಬುಡಿ ಸಾರ್, ಪರ್ವಾಗಿಲ್ಲ."